ಕೊಟ್ಟಷ್ಟೇ ಎತ್ತರ

ನಮ್ಮ ಭಾವ ಯಾರ ಮನೆಗೆ ಹೋದರೂ ಕುರ್ಚಿಯ ಮುಂದೆ ಒಂದು ಗಳಿಗೆ ನಿಂತು, "ಇಲ್ಲಿ ಕೂರಬಹುದೇನ್ರಿ?" ಎಂದು ಕೇಳಿಯೇ ಕೂರುತ್ತಿದ್ದರು. ಆ ಮನೆಯಲ್ಲಿ ಇದ್ದದ್ದು ಅದೊಂದೇ ಕುರ್ಚಿಯಾದರೂ, ಅದನ್ನು ಅವರಿಗೆಂದೇ ಟವೆಲಿನಿಂದ ಒರೆಸಿ ಇಟ್ಟಿದ್ದರೂ ಕೇಳುತ್ತಿದ್ದರು. ನಮ್ಮೂರು ಜಗಳೂರಿನಲ್ಲಿ ಇದನ್ನು ದೊಡ್ಡವರ ವಿನಯ ಎಂದು ಕೊಂಡಾಡುತ್ತಿದ್ದರು. "ಅಷ್ಟು ದೊಡ್ಡ ಪೈಲೆಟ್ಟು, ಎಷ್ಟು ತಗ್ಗಿ ನಡೀತಾರೆ ನೋಡು" ಎಂದು ತಮ್ಮ ಮಕ್ಕಳಿಗೆ ತೋರಿಸುತ್ತಿದ್ದರು. ಅದು ವಿನಯವಲ್ಲ, ನಾಚಿಕೆ ಎಂಬುದು ನಮ್ಮ ಮನೆಯವರಿಗೆ ಮಾತ್ರ ಗೊತ್ತಿತ್ತು. ಗೊತ್ತಿದ್ದೂ ನಾವು ಊರಿನವರ ಜೊತೆ ತಲೆಯಾಡಿಸುತ್ತಿದ್ದೆವು.

ಭಾವ ಪೈಲೆಟ್ ಆಗಿರಲಿಲ್ಲ. ಬೊಂಬಾಯಿಯಲ್ಲಿ ಪೈಲೆಟ್‌ಗಳಿಗೆ ತರಬೇತಿ ಕೊಡುವ ಕಡೆ ಸಿಮ್ಯುಲೇಟರ್ ನಡೆಸುವ ಕೆಲಸ ಅವರದು. ವಿಮಾನದ ಮೂತಿಯಷ್ಟನ್ನೇ ಕತ್ತರಿಸಿ ತಂದು ಕೋಣೆಯೊಳಗೆ ಇಟ್ಟ ಹಾಗಿರುತ್ತಿತ್ತಂತೆ ಅದು. ನಿಜವಾದ ವಿಮಾನದಲ್ಲಿರುವ ಗುಂಡಿ, ಮುಳ್ಳು, ಹಿಡಿಕೆಗಳೆಲ್ಲ ಒಳಗಿರುತ್ತವೆ, ಹಾರುವುದೊಂದು ಇಲ್ಲ. ಪೈಲೆಟ್ ಒಳಗೆ ಕೂತು ಬೊಂಬಾಯಿಯಿಂದ ಟೋಕಿಯೋಗೆ ಹಾರಿಸಿದಂತೆ ಮಾಡಬೇಕು. ಹಿಂದಿನ ಮೇಜಿನಲ್ಲಿ ಕೂತ ಭಾವ ಅವನಿಗೆ ಗಾಳಿ ಬೀಸಿಸಬೇಕು, ಇಂಜಿನ್ ಕೆಡಿಸಬೇಕು, ಎಲ್ಲಕ್ಕಿಂತ ಮುಖ್ಯವಾಗಿ, "ಮೇಲೆ ಬೇರೆ ವಿಮಾನ ಇದೆ, ಇದೇ ಎತ್ತರದಲ್ಲಿರಿ" ಎಂದು ತಡೆಯಬೇಕು. ನಿಜವಾದ ವಿಮಾನವನ್ನು ಅವರು ಹತ್ತಿದ್ದು ಒಂದೇ ಸಲ, ಅದೂ ಪ್ರಯಾಣಿಕರಾಗಿ. ದಾರಿಯುದ್ದಕ್ಕೂ ಕಾಗದದ ಚೀಲ ಹಿಡಿದುಕೊಂಡು ವಾಂತಿ ಮಾಡಿದೆ ಎಂದು ಅವರೇ ನನಗೆ ಹೇಳಿದ್ದರು.

ಸುಳ್ಳು ಹುಟ್ಟಿದ್ದು ನಮ್ಮ ಮನೆಯ ಜಗುಲಿಯಲ್ಲೇ. ಅವು ಎಪ್ಪತ್ತರ ದಶಕದ ಮೊದಲ ವರ್ಷಗಳು. ಅಕ್ಕನನ್ನು ನೋಡಲು ಹೊನ್ನಾಳಿಯಿಂದ ಬಂದಿದ್ದ ಭಾವ, ಕೆಲಸವೇನು ಎಂದು ಅಪ್ಪ ಕೇಳಿದಾಗ, "ವಿಮಾನ ನಡೆಸೋರಿಗೆ ಕಲಿಸೋ ಕಡೆ ಇದ್ದೀನ್ರಿ" ಎಂದರು. ಸಂಬಂಧ ತಂದಿದ್ದ ನ್ಯಾಮತಿಯ ಹಿರಿಯರಿಗೆ ಆ ಮಾತು ಉದ್ದವಾಯಿತೋ ಏನೋ, "ಅಂದ್ರೆ ಪೈಲೆಟ್ಟು" ಎಂದು ತುಂಡು ಮಾಡಿದರು. ಭಾವ ತಿದ್ದಲು ಬಾಯಿ ತೆರೆಯುವಷ್ಟರಲ್ಲಿ ಮಂಡಕ್ಕಿ ಮೆಣಸಿನಕಾಯಿಯ ತಟ್ಟೆ ಬಂತು. ತಟ್ಟೆ ಖಾಲಿಯಾಗುವ ಹೊತ್ತಿಗೆ ಬೀದಿಯ ಕೊನೆಯ ಮನೆಗೂ ಸುದ್ದಿ ಮುಟ್ಟಿತ್ತು. ತಿದ್ದಿದರೂ ಅಂದು ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ ಎಂದು ಈಗ ಅನ್ನಿಸುತ್ತದೆ.

ಮದುವೆಯಾಗಿ ಬೊಂಬಾಯಿಗೆ ಹೋದ ಅಕ್ಕ ಮೊದಲ ಸಲ ತವರಿಗೆ ಬಂದಾಗ ಅಡುಗೆಮನೆಯಲ್ಲಿ ಕೂತು ನಿಜ ಹೇಳಿ ಅತ್ತಳು. ಅಪ್ಪ, ಅವ್ವ, ನಾನು, ಇನ್ನೂ ಲಂಗ ತೊಡುತ್ತಿದ್ದ ತಂಗಿ, ಎಲ್ಲರೂ ಅಲ್ಲೇ ಇದ್ದೆವು. ಅಪ್ಪ ಶೇಂಗಾ ವ್ಯಾಪಾರಿ. ಮಾಲಿನ ಲಾಭನಷ್ಟವನ್ನು ತೂಗಿ ನೋಡುವ ಮುಖ ಮಾಡಿಕೊಂಡ. ಆಮೇಲೆ, "ಇರ್ಲಿ ಬಿಡವ್ವ. ಸಂಬಳ ಬರತೈತೆ, ಮನುಷ್ಯ ಒಳ್ಳೇವ್ನು. ಊರಾಗೆ ಒಂದು ಮರ್ಯಾದಿ ಆಗೈತೆ, ಅದನ್ಯಾಕೆ ಕೆಡಿಸ್ಕೊಳ್ಳಾಕೆ ಹೋಗ್ತೀ" ಎಂದ. ಅಷ್ಟಕ್ಕೇ ಬಿಟ್ಟಿದ್ದರೆ ಆಗಿತ್ತು. ಮರುವಾರದಿಂದ ಅಂಗಡಿಗೆ ಬಂದವರಿಗೆಲ್ಲ, ಅಳಿಯ ಮೊನ್ನೆ ಜಪಾನಿಗೆ ಹೋಗಿ ಬಂದದ್ದನ್ನು ಹೇಳತೊಡಗಿದ. ನನ್ನ ಅಪ್ಪ ಭೂಪಟದಲ್ಲಿ ಜಪಾನನ್ನು ತೋರಿಸಲಾರ, ಆದರೆ ಅಲ್ಲಿಯ ಹವಾಮಾನದ ಬಗ್ಗೆ ಕಾಲು ಗಂಟೆ ಮಾತಾಡಬಲ್ಲವನಾದ.

ಅಕ್ಕನೂ ಭಾವನಿಂದ ಮಾತು ತೆಗೆದುಕೊಂಡಳು. ತನ್ನ ತವರಿನಲ್ಲಿ ಈ ವಿಷಯ ಯಾರ ಮುಂದೆಯೂ ಎತ್ತಬಾರದು ಎಂದು. ಭಾವ ಒಪ್ಪಿದರು. ಒಪ್ಪಿದವರು ಜಗಳೂರಿಗೆ ಬಂದಾಗಲೆಲ್ಲ ಪಟ್ಟ ಪಾಡು ನಾನು ನೋಡಿದ್ದೇನೆ. ಜಮಖಾನೆಯ ನಟ್ಟನಡುವೆ ಕೂರಿಸಿದರೆ, ಮಾತಿನ ನಡುವೆ ಯಾರಿಗೂ ಗೊತ್ತಾಗದ ಹಾಗೆ ಸರಿಯುತ್ತ ಸರಿಯುತ್ತ ಎದ್ದು ಹೋಗುವ ಹೊತ್ತಿಗೆ ಅಂಚಿಗೆ ಬಂದಿರುತ್ತಿದ್ದರು. ಸುಳ್ಳನ್ನಂತೂ ಬಾಯಿಬಿಟ್ಟು ಆಡಲಿಲ್ಲ. "ಮೇಲಿಂದ ನಮ್ಮೂರು ಹೆಂಗೆ ಕಾಣತೈತ್ರಿ?" ಎಂದು ಯಾರಾದರೂ ಕೇಳಿದರೆ, "ನಾನು ನೋಡಿಲ್ರಿ" ಎನ್ನುತ್ತಿದ್ದರು. "ಹೆದರಿಕೆ ಆಗಲ್ವೇನ್ರಿ?" ಎಂದರೆ, "ನಾನು ಕೂರೋ ಜಾಗದಾಗೆ ಹೆದರಿಕೆ ಏನೂ ಇಲ್ರಿ." ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅವರು ಮಾತ್ರ ಕಾಲಿನ ಹೆಬ್ಬೆರಳನ್ನು ನೋಡಿಕೊಂಡು ಕೂರುತ್ತಿದ್ದರು.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಆ ತರಬೇತಿ ಕೇಂದ್ರದವರು ಹಳೆಯ ಯಂತ್ರವನ್ನು ತೆಗೆದು ಹೊಸದನ್ನು ತಂದರು. ಭಾವನನ್ನು ಉಗ್ರಾಣ ನೋಡಿಕೊಳ್ಳಲು ಹಾಕಿದರು. ಅದು ಅವರಿಗೆ ಒಗ್ಗಲಿಲ್ಲ. ಕೆಲಸ ಬಿಟ್ಟು ಹೊನ್ನಾಳಿಗೆ ಬಂದು ಮನೆಯ ಮುಂಭಾಗದಲ್ಲೇ ರೇಡಿಯೋ ರಿಪೇರಿ ಅಂಗಡಿ ಇಟ್ಟರು. ಜಗಳೂರಿನಲ್ಲಿ ಅಪ್ಪ ಇದನ್ನು, "ಅಳಿಯಂದ್ರು ರಿಟೈರ್ ಆದ್ರು. ಪೈಲೆಟ್‌ಗಳಿಗೆ ಬೇಗ ರಿಟೈರ್‌ಮೆಂಟು" ಎಂದು ಹೇಳಿದ. ಅದೇ ಸಮಯಕ್ಕೆ ನನಗೆ ಹೊನ್ನಾಳಿಯಲ್ಲಿ ಹೈಸ್ಕೂಲು ಮೇಷ್ಟ್ರ ಕೆಲಸ ಸಿಕ್ಕಿತು. ಎರಡು ವರ್ಷ ಅಕ್ಕನ ಮನೆಯಲ್ಲೇ ಇದ್ದೆ. ಭಾವ ಎಂಥವರೆಂದು ನನಗೆ ತಿಳಿದದ್ದು ಆಗಲೇ.

ಅಂಗಡಿಯ ಹಿಂದಿನ ಕೋಣೆಯಲ್ಲಿ ಅವರು ತಮ್ಮದೇ ಒಂದು ಸಿಮ್ಯುಲೇಟರ್ ಮಾಡಿಕೊಂಡಿದ್ದರು. ಗುಜರಿಗೆ ಹೋಗಿದ್ದ ಬಸ್ಸಿನ ಡ್ರೈವರ್ ಸೀಟು. ಅದರ ಮುಂದೆ ಎತ್ತರ ತೋರಿಸಲು ಒಂದು ದೊಡ್ಡ ಗಡಿಯಾರದ ಮುಖ. ಅದರ ಮುಳ್ಳನ್ನು ಭಾವ ಹಿಂದಿನಿಂದ ದಾರ ಎಳೆದು ತಿರುಗಿಸುತ್ತಿದ್ದರು. ಪಕ್ಕದಲ್ಲಿ ಸ್ಪ್ರಿಂಗ್ ತಕ್ಕಡಿಗೆ ನೇತುಹಾಕಿದ ನೀರು ತುಂಬಿದ ಡಬ್ಬ. ಡಬ್ಬದ ತಳದಲ್ಲಿ ಸಣ್ಣ ತೂತು. ನೀರು ತೊಟ್ಟು ತೊಟ್ಟಾಗಿ ಸೋರುತ್ತಾ ಇರುತ್ತಿತ್ತು. ಆ ನೀರೇ ವಿಮಾನದ ಎಣ್ಣೆ. ಸೋರಿದ ನೀರನ್ನು ಅಕ್ಕ ಕೆಳಗೆ ಪಾತ್ರೆ ಇಟ್ಟು ಹಿಡಿದು ಗಿಡಕ್ಕೆ ಹಾಕುತ್ತಿದ್ದಳು.

ಭಾನುವಾರ ಭಾವ ನನ್ನನ್ನು ಆ ಸೀಟಿನಲ್ಲಿ ಕೂರಿಸಿ ಟೋಕಿಯೋಗೆ ಕಳಿಸುತ್ತಿದ್ದರು. ದೂರದ ಪ್ರಯಾಣಕ್ಕೆ ಹೊರಟ ವಿಮಾನದ ಹೊಟ್ಟೆಯ ತುಂಬ ಎಣ್ಣೆ ಇರುತ್ತದೆ. ಆ ಭಾರಕ್ಕೆ ಅದು ಒಂದೇ ಸಲ ಬೇಕಾದಷ್ಟು ಮೇಲೆ ಹೋಗಲಾರದು. ಮೊದಲು ಇಪ್ಪತ್ತೊಂಬತ್ತು ಸಾವಿರ ಅಡಿಯಲ್ಲಿ ಹೋಗಬೇಕು. ಎಣ್ಣೆ ಉರಿದು ಹಗುರಾದ ಮೇಲೆ ಮೂವತ್ತಮೂರು ಸಾವಿರ. ಇನ್ನೂ ಹಗುರಾದ ಮೇಲೆ ಮೂವತ್ತೇಳು. ನಡುವಿನ ಎತ್ತರಗಳು ಎದುರಿನಿಂದ ಬರುವವರದು, ಅಲ್ಲಿ ನಿಲ್ಲುವ ಹಾಗಿಲ್ಲ. ಏರುವ ಮೊದಲು ಪ್ರತಿ ಸಲವೂ ನೆಲದ ಮೇಲಿನ ಕಂಟ್ರೋಲಿನವರನ್ನು ಕೇಳಬೇಕು, ಅವರು ಕೊಟ್ಟ ಎತ್ತರದಲ್ಲೇ ಇರಬೇಕು. ಮೇಲೆ ಗಾಳಿ ತೆಳು, ಎಣ್ಣೆ ಕಮ್ಮಿ ಸಾಕು; ಆದ್ದರಿಂದ ಎಲ್ಲರಿಗೂ ಮೇಲೆ ಹೋಗುವ ಆಸೆ. ಆದರೆ ಭಾರ ಇಳಿಯದೆ ಏರಿದರೆ ಆ ತೆಳು ಗಾಳಿ ರೆಕ್ಕೆಯನ್ನು ಹೊರುವುದಿಲ್ಲ. ಇಷ್ಟನ್ನು ನನ್ನ ತಲೆಗೆ ತುಂಬಲು ಅವರಿಗೆ ಒಂದು ಮಳೆಗಾಲ ಹಿಡಿಯಿತು.

"ಮುಂದೆ ಬಹಳ ದೂರ ಮೇಲೆ ಜಾಗ ಕೊಡಲ್ಲ ಅಂದಾರೆ. ಈಗ ಏರಿದ್ರೆ ಭಾರ ಜಾಸ್ತಿ ಐತೆ. ಏನ್ ಮಾಡ್ತೀಯಪ್ಪ?" ಹಿಂದಿನಿಂದ ಭಾವನ ದನಿ.

"ಈಗ್ಲೇ ಏರಿಬಿಡ್ತೀನಿ ಭಾವ."

ಅವರು ನನ್ನ ಸೀಟನ್ನು ಹಿಡಿದು ಗಡಗಡ ಅಲ್ಲಾಡಿಸಿದರು. "ಬಿತ್ತು. ಎಲ್ರೂ ಹೋದ್ರು."

"ಹಂಗಾದ್ರೆ ಇಲ್ಲೇ ಇರ್ತೀನಿ."

"ಇಲ್ಲೇ ಇದ್ರೆ ಎಣ್ಣೆ ಜಾಸ್ತಿ ಕುಡೀತೈತೆ. ಟೋಕಿಯೋ ಮುಟ್ಟಲ್ಲ."

"ಮತ್ತೇನ್ ಮಾಡ್ಬೇಕಿತ್ತು?"

"ಹೊರಡೋ ಮೊದ್ಲೇ ಕೇಳ್ಕೋಬೇಕಿತ್ತು, ಎಲ್ಲಿ ತಡೀತಾರೆ ಅಂತ. ಅದಕ್ಕೆ ತಕ್ಕಂಗೆ ಭಾರ ಇಳಿಸ್ಕೊಂಡು ಹೊರಡ್ಬೇಕಿತ್ತು. ಮೇಲೆ ಹೋದ್ಮೇಲೆ ಯೋಚ್ನೆ ಮಾಡೋನು ಪೈಲೆಟ್ ಅಲ್ಲ."

ನಾನು ಅಕ್ಕನಿಗೆ ಕಾಫಿ ತರಲು ಕೂಗಿದರೆ, "ಸತ್ತೋರಿಗೆ ಕಾಫಿ ಇಲ್ಲ" ಎಂದು ಡಬ್ಬಕ್ಕೆ ಮತ್ತೆ ನೀರು ತುಂಬಿಸುತ್ತಿದ್ದರು. ಅವರು ತಮಾಷೆ ಮಾಡುತ್ತಿದ್ದದ್ದು ಆ ಕೋಣೆಯಲ್ಲಿ ಮಾತ್ರ. ಅಲ್ಲಿ ಅವರ ಬೆನ್ನು ನೆಟ್ಟಗಿರುತ್ತಿತ್ತು, ಗಂಟಲು ಬೇರೆಯೇ ಆಗಿರುತ್ತಿತ್ತು. ನಾನು ಎಣ್ಣೆ ಉಳಿಸಿ ಟೋಕಿಯೋ ಮುಟ್ಟಿದ ದಿನ ಅವರು ಕೈಯಲ್ಲಿದ್ದ ದಾರ ಬಿಟ್ಟು ಎದ್ದರು. ಅಂಗಡಿಗೆ ಹೋಗಿ ಬೀಗ ಹಾಕಿ ಬಂದು, ನನ್ನ ಜೊತೆ ಹೊಳೆಯ ಕಡೆ ನಡೆಯಲು ಹೊರಟರು.

ಅಕ್ಕನಿಗೆ ಆ ಕೋಣೆ ಕಂಡರೆ ಆಗುತ್ತಿರಲಿಲ್ಲ. "ಬಾಗ್ಲು ಹಾಕ್ರಿ, ಪಕ್ಕದ ಮನೆಯೋರು ಕೇಳಿಸ್ಕೋತಾರೆ" ಎಂದು ತಾನೇ ಬಂದು ಕಿಟಕಿ ಮುಚ್ಚುತ್ತಿದ್ದಳು. ಬಸ್ಸಿನ ಸೀಟಿನಲ್ಲಿ ಕೂತು ಮೂವತ್ತೇಳು ಸಾವಿರ ಅಡಿ ಎಂದು ಕೂಗುವ ಇಬ್ಬರು ಗಂಡಸರನ್ನು ಯಾವ ಹೆಂಗಸು ತಾನೇ ನೆರೆಯವರಿಗೆ ತೋರಿಸಿಯಾಳು? ಜಗಳೂರಿನಿಂದ ಯಾರಾದರೂ ಬಂದರೆ ಕೋಣೆಗೆ ಬೀಗ ಬೀಳುತ್ತಿತ್ತು.

ಒಮ್ಮೆ ನಾವಿಬ್ಬರೂ ಹೊನ್ನಾಳಿಯಿಂದ ನ್ಯಾಮತಿಗೆ ಬಸ್ಸಿನಲ್ಲಿ ಹೋಗುತ್ತಿದ್ದೆವು. ಸಂತೆಯ ದಿನ, ಟಾಪಿನ ಮೇಲೆ ಚೀಲಗಳ ರಾಶಿ. ಏರಿನಲ್ಲಿ ಬಸ್ಸು ಏದುಸಿರು ಬಿಡುತ್ತಾ ನಿಂತೇಹೋಯಿತು. ಕಂಡಕ್ಟರು ಇಳಿದು ತಳ್ಳಿ ಎಂದ. ಭಾವ ಇಳಿದವರು ತಳ್ಳಲಿಲ್ಲ. "ಜನ ಇಳಿದೀವಲ್ರಿ, ಅಷ್ಟೇ ಸಾಕು, ಈಗ ಹತ್ತತೈತೆ ಬಿಡ್ರಿ" ಎಂದರು. ಹತ್ತಿತು ಕೂಡ. ಖಾಲಿ ಬಸ್ಸಿನ ಹಿಂದೆ ನಡೆಯುತ್ತಾ ಅವರು ತಾವಾಗಿಯೇ ಬಾಯಿಬಿಟ್ಟರು.

"ನಿಮ್ಮೂರಾಗೆ ನನ್ನ ಯಾರೂ ಕೊಡದೇ ಇರೋ ಎತ್ತರಕ್ಕೆ ಏರ್ಸಿ ಕೂರ್ಸ್ಯಾರಪ್ಪ. ಕೂತಾಗೆಲ್ಲ ಯಾರದೋ ದಾರಿಗೆ ಅಡ್ಡ ಕೂತಂಗೆ ಆಗತೈತೆ. ನಿಮ್ಮಕ್ಕಗೆ ಮಾತು ಕೊಟ್ಟೀನಿ, ಇಳಿಯಾಕೂ ಆಗ್ತಿಲ್ಲ."

ನಾನು, "ಯಾರಿಗೂ ತೊಂದ್ರೆ ಇಲ್ಲ ಬಿಡ್ರಿ ಭಾವ" ಎಂದೆ. ಅವರು ನನ್ನ ಮುಖ ನೋಡಿದರು. "ಇಷ್ಟು ದಿನ ಇಲ್ಲ" ಎಂದರು.

ತೊಂದರೆ ಚನ್ನಗಿರಿಯಿಂದ ವ್ಯಾನು ಮಾಡಿಕೊಂಡು ಬಂತು. ಎಂಬತ್ತರ ದಶಕದ ಶುರುವಿನ ಮಾತು. ತಂಗಿಗೆ ಚನ್ನಗಿರಿಯ ಅಡಿಕೆ ವ್ಯಾಪಾರಸ್ಥರ ಮನೆಯಿಂದ ಸಂಬಂಧ ಕೂಡಿತ್ತು. ನಮಗಿಂತ ಬಹಳ ದೊಡ್ಡ ಮನೆತನ. ಹುಡುಗ ಒಳ್ಳೆಯವನು, ತಂಗಿಗೂ ಮನಸ್ಸಿತ್ತು. ಅವರು ನಮ್ಮಂಥವರ ಮನೆಗೆ ಯಾಕೆ ಬಂದರು ಎಂದು ನಾವ್ಯಾರೂ ಕೇಳಿಕೊಳ್ಳಲಿಲ್ಲ. ನಿಶ್ಚಿತಾರ್ಥ ನಮ್ಮ ಮನೆಯಲ್ಲೇ. ನಮ್ಮ ಕಡೆ ಎರಡು ಮನೆಯ ಹಿರಿಯರು ಎಲೆ ಅಡಿಕೆಯ ತಟ್ಟೆ ಬದಲಾಯಿಸಿಕೊಂಡರೆ ಮಾತು ಗಟ್ಟಿ, ಅಲ್ಲಿಂದಾಚೆ ಹಿಂದೆ ಸರಿಯುವಂತಿಲ್ಲ. ನಮ್ಮ ಕಡೆಯಿಂದ ತಟ್ಟೆ ಕೊಡಲು ಅಪ್ಪ ಭಾವನನ್ನೇ ಕೂರಿಸಿದ. ಪೈಲೆಟ್ ಕೈಯಿಂದ ಕೊಡಿಸಿದರೆ ಸಭೆಗೆ ಕಳೆ ಎಂದು ಅವನ ಲೆಕ್ಕ.

ಭಾವ ತಟ್ಟೆ ಎತ್ತಿದ್ದರು. ಎದುರಿಗೆ ಕೂತ ಹುಡುಗನ ತಂದೆ ಕೈ ಚಾಚುವ ಮೊದಲು ಪ್ರೀತಿಯಿಂದಲೇ ಹೇಳಿದರು, "ಪೈಲೆಟ್ ಸಾಹೇಬ್ರೆ, ಇನ್ನೊಂದು ಮಾತೈತೆ. ನಮ್ ಸಣ್ಣ ಹುಡುಗನ್ನ ಕಾಲೇಜು ಬಿಡಿಸೀವಿ. ಇಂಜಿನಿಯರಿಂಗ್ ಸೀಟು ಸಿಕ್ಕಿತ್ತು, ಬ್ಯಾಡ ಅಂದ್ವಿ. ನಿಮ್ಮಂಥೋರು ಬೀಗರಾಗೋವಾಗ ಅದ್ಯಾಕೆ? ಮದ್ವೆ ಆದ್ಮೇಲೆ ಅವನ್ನ ನಿಮ್ ಕೈಗೆ ಒಪ್ಪಿಸ್ತೀವಿ. ನಿಮ್ಮಂಗೆ ಮಾಡ್ರಿ."

ಭಾವ ತಟ್ಟೆಯನ್ನು ಕೆಳಗಿಟ್ಟರು. ಬಾಗಿಲ ಹಿಂದೆ ನಿಂತಿದ್ದ ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಏನಾಗಲಿದೆ ಎಂದು ಅವಳಿಗೆ ನಮ್ಮೆಲ್ಲರಿಗಿಂತ ಮೊದಲೇ ಗೊತ್ತಾಯಿತು.

"ನಾನು ಪೈಲೆಟ್ ಅಲ್ರಿ" ಎಂದರು ಭಾವ. "ವಿಮಾನ ನಡೆಸಾಕೆ ನಂಗೆ ಬರಲ್ಲ. ಪೈಲೆಟ್‌ಗಳು ಕಲಿಯಾಕೆ ಅಂತ ನೆಲದ ಮೇಲೆ ಒಂದು ಯಂತ್ರ ಇಟ್ಟಿರ್ತಾರೆ. ಅದರ ಹಿಂದೆ ಕೂತು ಕೆಲಸ ಮಾಡ್ತಿದ್ದೆ. ಈಗ ರೇಡಿಯೋ ರಿಪೇರಿ ಮಾಡ್ತೀನಿ. ನಿಮ್ ಹುಡುಗನ್ನ ನಾಳೆನೇ ಕಾಲೇಜಿಗೆ ಕಳಿಸ್ರಿ. ಇಷ್ಟು ವರ್ಷ ಬಾಯಿ ಮುಚ್ಕೊಂಡಿದ್ದು ನನ್ನ ತಪ್ಪು."

ಚನ್ನಗಿರಿಯ ಹಿರಿಯರೊಬ್ಬರು ಅಪ್ಪನ ಕಡೆ ತಿರುಗಿ, "ಇದು ನಿಮಗೆ ಗೊತ್ತಿತ್ತೇನ್ರಿ?" ಎಂದರು.

ಅಪ್ಪ ಎದ್ದು ನಿಂತ. ಎರಡೂ ಕೈ ಜೋಡಿಸಿದ. "ನಮಗೂ ಇವತ್ತೇ ಗೊತ್ತಾಗಿದ್ದು ಸ್ವಾಮಿ. ನಮಗೂ ಮೋಸ ಮಾಡ್ಯಾನೆ. ಸುಳ್ಳು ಹೇಳಿ ನನ್ನ ಮಗಳನ್ನ ಕಟ್ಕೊಂಡಾನೆ."

ನಾವೆಲ್ಲ ಅಲ್ಲೇ ಇದ್ದೆವು. ಅವ್ವ ನೆಲ ನೋಡಿದಳು. ಅಕ್ಕ ಬಾಗಿಲ ಹಿಂದೆ ಸರಿದಳು. ನಾನು ಬೀಗರಿಗೆ ನೀರು ತರುವ ನೆಪದಲ್ಲಿ ಒಳಗೆ ಹೋದೆ. ಭಾವ ಮಾತ್ರ ಒಮ್ಮೆ ಅಪ್ಪನ ಮುಖವನ್ನು ನೋಡಿ, ಏನೋ ನೆನಪಿಸಿಕೊಂಡವರಂತೆ ಸುಮ್ಮನೆ ತಲೆ ತಗ್ಗಿಸಿದರು. ಆ ಸಭೆಯಲ್ಲಿ ನಿಜ ಆಡಿದವರು ಅವರೊಬ್ಬರೇ, ಸುಳ್ಳುಗಾರ ಎಂದು ಹೆಸರಾದದ್ದೂ ಅವರೇ. ಬರೆಯುವಾಗ ಈಗಲೂ ಮುಖ ಬಿಸಿಯಾಗುತ್ತದೆ.

ವ್ಯಾನು ಹೊರಟುಹೋಯಿತು. ಐವತ್ತು ಜನಕ್ಕೆ ಮಾಡಿದ ಹೋಳಿಗೆ ಹಾಗೇ ಇತ್ತು, ಎಲೆ ಹಾಕಿದ ಪಂಕ್ತಿಯೂ ಹಾಗೇ. ಯಾರಿಗೂ ಕೂರುವ ಮನಸ್ಸಿಲ್ಲ. ಭಾವ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಾಗ ರೇಷ್ಮೆ ಸೀರೆಯಲ್ಲೇ ಇದ್ದ ತಂಗಿ ಬಂದು, "ಭಾವ, ಊಟ ಮಾಡ್ಕೊಂಡು ಹೋಗ್ರಿ. ಬಸ್ಸು ಇನ್ನೂ ತಡ ಐತೆ" ಎಂದಳು. ಕೂರಿಸಿ ತಾನೇ ಬಡಿಸಿದಳು. ಅವರು ಒಂದು ತುತ್ತೂ ಎತ್ತಲಾರದೆ ಕೂತಾಗ, ಪಕ್ಕದ ಎಲೆಗೆ ತಾನೂ ಬಡಿಸಿಕೊಂಡು ಕೂತು ಉಂಡಳು. ಅವಳು ಉಣ್ಣುವುದನ್ನು ನೋಡಿ ಅವರೂ ಉಂಡರು. ಅವಳ ಮದುವೆ ಎರಡು ವರ್ಷದ ಮೇಲೆ ಸೊಕ್ಕೆಯ ಕಡೆ ಒಬ್ಬ ಮೇಷ್ಟ್ರ ಜೊತೆ ಆಯಿತು. ಆ ಮದುವೆಗೆ ಭಾವನನ್ನು ಅಪ್ಪ ಕರೆಯಲಿಲ್ಲ.

ಕೆಲವು ತಿಂಗಳ ನಂತರ, ಹೊನ್ನಾಳಿಯ ಅಂಗಡಿ ಹಿಂದಿನ ಆ ಕೋಣೆಯಲ್ಲೇ, ನಾನು ಕೇಳಿದೆ. "ಐದು ನಿಮಿಷ ತಡೆದಿದ್ರೆ ಆಗ್ತಿತ್ತಲ್ಲ ಭಾವ. ತಟ್ಟೆ ಬದಲಾಯಿಸಿದ ಮೇಲೆ ಹೇಳಿದ್ರೆ ಅವ್ರು ಬಿಟ್ಟು ಹೋಗೋ ಹಂಗಿರ್ಲಿಲ್ಲ."

"ಏರಿಬಿಟ್ಟ ಮೇಲೆ ಅಲ್ಲಿ ಜಾಗ ಇಲ್ಲ ಅಂತ ಹೇಳಿದ್ರೆ, ಪೈಲೆಟ್ ಏನ್ ಮಾಡ್ತಾನಪ್ಪ? ಬೀಳೋದೊಂದೇ." ಡಬ್ಬದ ನೀರು ನೋಡುತ್ತಾ ಹೇಳಿದರು.

"ಹೋಗ್ಲಿ, ಅಪ್ಪಗೆ ಮೊದ್ಲೇ ಗೊತ್ತಿತ್ತು ಅಂತನಾದ್ರೂ ಹೇಳ್ಬಹುದಿತ್ತು."

ಅವರು ಡಬ್ಬದ ತೂತಿಗೆ ಬೆರಳು ಒತ್ತಿ ಹಿಡಿದರು. "ನನ್ನ ಎತ್ತರ ನಾನು ಹೇಳ್ಬಹುದು. ಇನ್ನೊಬ್ರದು ಹೇಳಾಕೆ ನಂಗೆ ಪರ್ಮಿಷನ್ ಇರ್ಲಿಲ್ಲ" ಎಂದರು. ಅವರ ದನಿಯಲ್ಲಿ ಸಿಟ್ಟು ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

ಅಕ್ಕ ಮತ್ತು ಭಾವನ ನಡುವೆ ಮಾತು ಕಮ್ಮಿಯಾಯಿತು. ಜಗಳವೇನೂ ಇಲ್ಲ, ಬೇಕಾದಷ್ಟು ಮಾತು, ಊಟ, ಔಷಧಿ. ಭಾವ ಮತ್ತೆ ಜಗಳೂರಿಗೆ ಬರಲಿಲ್ಲ. ಅಲ್ಲಿ ಅವರ ಹೆಸರು ಸುಳ್ಳು ಪೈಲೆಟ್ ಎಂದಾಯಿತು. ಮೊದಲು ಹೊಗಳುತ್ತಿದ್ದ ಬಾಯಿಗಳೇ ಈ ಹೆಸರನ್ನೂ ಇಟ್ಟವು. ಅಪ್ಪ ಅದನ್ನು ಕೇಳಿಯೂ ಕೇಳದವನಂತೆ ಶೇಂಗಾ ತೂಗುತ್ತಿದ್ದ.

ಎಂಬತ್ತರ ದಶಕ ಮುಗಿಯುವ ಮೊದಲೇ ಭಾವ ತೀರಿಕೊಂಡರು. ಅಂಗಡಿಯಲ್ಲಿ ರೇಡಿಯೋ ಬಿಚ್ಚುತ್ತಿದ್ದವರು ಎದೆ ಹಿಡಿದುಕೊಂಡು ಕೂತರಂತೆ, ಅಷ್ಟೇ. ಅಷ್ಟರಲ್ಲಿ ಜಗಳೂರಿಗೇ ವರ್ಗವಾಗಿದ್ದ ನಾನು, ಅಪ್ಪ, ಊರಿನ ಐದಾರು ಹಿರಿಯರು ಜಗಳೂರಿನಿಂದ ಹೊನ್ನಾಳಿಗೆ ಹೋದೆವು. ನಮ್ಮ ಪದ್ಧತಿಯಂತೆ ಅವರನ್ನು ಹಣೆಗೆ ವಿಭೂತಿ ಹಚ್ಚಿ, ಹಾರ ಹಾಕಿ, ಗೋಡೆಗೆ ಒರಗಿಸಿ ಕೂರಿಸಿದ್ದರು. ಅಕ್ಕ ಪಕ್ಕದಲ್ಲಿದ್ದಳು. ಅತ್ತು ಮುಗಿದಿತ್ತೋ ಇನ್ನೂ ಶುರುವಾಗಿರಲಿಲ್ಲವೋ, ಮುಖ ಒಣಗಿತ್ತು.

ನಮ್ಮೂರ ಹಿರಿಯರೊಬ್ಬರು ಸಮಾಧಾನದ ಮಾತು ಎಂದೇ ಹೇಳಿದರು, "ಏನೋ ಒಂದು ಸುಳ್ಳು ಹೇಳಿ ಮದ್ವೆ ಆಗಿದ್ರೂ ಬಾಳ ಒಳ್ಳೇ ಮನುಷ್ಯ ಬಿಡವ್ವ. ನಿನ್ನ ಚೆಂದ ನೋಡ್ಕೊಂಡ."

ಅಕ್ಕ ತಲೆ ಎತ್ತಿದಳು. "ಸುಳ್ಳು ಹೇಳಿದ್ದು ಅವ್ರಲ್ಲ" ಎಂದಳು. ಕೂಗಲಿಲ್ಲ. ಆದರೆ ಅಂಗಳದಲ್ಲಿ ನಿಂತವರಿಗೂ ಕೇಳಿಸಿತು. "ಮದ್ವೆ ಆದ ವರ್ಷನೇ ನಾನು ತವರಿಗೆ ಬಂದು ಎಲ್ಲ ಹೇಳೀನಿ. ನಾನೇ ಅವ್ರ ಬಾಯಿ ಕಟ್ಟಿಸೀನಿ. ಅಪ್ಪಗೂ ಗೊತ್ತಿತ್ತು. ಕೇಳ್ರಿ, ಅಲ್ಲೇ ಕುಂತಾನೆ."

ಎಲ್ಲರೂ ಅಪ್ಪನ ಕಡೆ ನೋಡಿದರು. ಅಪ್ಪ ಹೊದ್ದ ಶಾಲನ್ನು ಎಳೆದುಕೊಂಡ. ಈ ಸಲವೂ ಕೈ ಜೋಡಿಸಿಬಿಡುತ್ತಾನೇನೋ ಎಂದು ನನಗೆ ಹೆದರಿಕೆಯಾಯಿತು. ಆದರೆ ಅವನ ಕೈ ಮೇಲೇಳಲಿಲ್ಲ.

"ಹೌದು, ಗೊತ್ತಿತ್ತು" ಎಂದ ಅಪ್ಪ.

ಆ ಮಾತನ್ನು ಕೇಳಬೇಕಾಗಿದ್ದವರು ಕಣ್ಣು ಮುಚ್ಚಿಕೊಂಡು ಗೋಡೆಗೆ ಒರಗಿ ಕೂತಿದ್ದರು.